ವಿಯೆಟ್ನಾಂ ಗುಂಪು ಪ್ರವಾಸ: ಅಡ್ವಾನ್ಸ್ ಕೊಡುವ ಮುಂಚಿನಿಂದ ಮನೆಗೆ ವಾಪಸ್ ಬರುವ ತನಕ

ವಿಯೆಟ್ನಾಂ ಟೂರ್ ಮುಗಿಸಿ ಬಂದವರ ದೂರುಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. "ಏಳು ದಿನ ಅಂದ್ರು, ನೋಡಿದ್ದು ನಾಲ್ಕೇ ದಿನ." "ಹೋಯ್ ಆನ್‌ನಲ್ಲಿ ಮೊಣಕಾಲುದ್ದ ನೀರು." "ಮೂರು ಹೊತ್ತೂ ಪನೀರು." "ವೀಸಾದಲ್ಲಿ ಹೆಸರು ತಪ್ಪಾಗಿ ನಮ್ಮ ಭಾವನವರು ಏರ್‌ಪೋರ್ಟಿನಿಂದಲೇ ಮನೆಗೆ ಹೋದ್ರು." ಇದರಲ್ಲಿ ಮುಕ್ಕಾಲು ಪಾಲು ತೊಂದರೆ ಬೆಂಗಳೂರಿನಲ್ಲೇ, ದುಡ್ಡು ಕೊಡುವ ಮುಂಚೆಯೇ ತಪ್ಪಿಸಬಹುದಾದದ್ದು.

ನಾನು ಟ್ರಾವೆಲ್ ಏಜೆಂಟ್ ಅಲ್ಲ. ನೆಂಟರನ್ನೂ ಅಕ್ಕಪಕ್ಕದ ಮನೆಯವರನ್ನೂ ಕಟ್ಟಿಕೊಂಡು ಹೋಗಿ, ಒಂದು ಸಲ ಚೆನ್ನಾಗಿ ಪೆಟ್ಟು ತಿಂದು, ಇನ್ನೊಂದು ಸಲ ನೆಮ್ಮದಿಯಾಗಿ ಬಂದವನು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಅರ್ಧ ಕೆಲಸ ಕೆಟ್ಟ ಹಾಗೆ.

1. ಮೊದಲು ತಿಂಗಳು, ಆಮೇಲೆ ಕಂಪನಿ

ಹೆಚ್ಚಿನವರು ಮೊದಲು ಟೂರ್ ಕಂಪನಿ ಹುಡುಕುತ್ತಾರೆ, ಆಮೇಲೆ ಮಕ್ಕಳ ರಜೆ ನೋಡಿ ತಾರೀಕು ಹಾಕುತ್ತಾರೆ. ಹವೆಯ ವಿಚಾರ ಯಾರೂ ಕೇಳುವುದಿಲ್ಲ. ಕಂಪನಿಯವರಂತೂ ತಾವಾಗಿ ಹೇಳುವುದಿಲ್ಲ.

ವಿಯೆಟ್ನಾಂ ಉದ್ದಕ್ಕೆ ಚಾಚಿಕೊಂಡ ದೇಶ. ಉತ್ತರದ ಹನೋಯ್‌ನಿಂದ ದಕ್ಷಿಣದ ಹೋ ಚಿ ಮಿನ್ಹ್ ನಗರಕ್ಕೆ ವಿಮಾನದಲ್ಲೇ ಎರಡು ಗಂಟೆ ಬೇಕು. ಹಾಗಾಗಿ ಒಂದೇ ವಾರದಲ್ಲಿ ನಿಮಗೆ ಮೂರು ಥರದ ಹವೆ ಸಿಗುತ್ತದೆ.

ಉತ್ತರ, ಅಂದರೆ ಹನೋಯ್, ದೋಣಿಯಲ್ಲಿ ಸುತ್ತುವ ಹಾ ಲಾಂಗ್ ಕೊಲ್ಲಿ, ನಿನ್ಹ್ ಬಿನ್ಹ್: ಡಿಸೆಂಬರಿನಿಂದ ಫೆಬ್ರವರಿ ತನಕ ಚಳಿ, ಜಿನುಗು ಮಳೆ, ಮಂಜು. ಫೋಟೋದಲ್ಲಿ ಕಾಣುವ ಹಸಿರು ನೀರು, ನೀಲಿ ಆಕಾಶ ಆಗ ಸಿಗುವುದು ಕಷ್ಟ. ಜುಲೈಯಿಂದ ಸೆಪ್ಟೆಂಬರ್ ಚಂಡಮಾರುತದ ಕಾಲ. 2024ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತ ಹಾ ಲಾಂಗ್ ಕಡೆಯನ್ನೇ ಹೊಡೆದು ಹಾಕಿತ್ತು. ಅಕ್ಟೋಬರ್, ನವೆಂಬರ್, ಮಾರ್ಚ್, ಏಪ್ರಿಲ್ ಚೆನ್ನ.

ಮಧ್ಯ, ಅಂದರೆ ದಾ ನಾಂಗ್, ಹೋಯ್ ಆನ್, ಹುಯೆ: ಇಲ್ಲಿ ಜೋರು ಮಳೆ ಬರುವುದೇ ಅಕ್ಟೋಬರ್, ನವೆಂಬರಿನಲ್ಲಿ. ನಮ್ಮ ದಸರಾ, ದೀಪಾವಳಿ ರಜೆಗೆ ಸರಿಯಾಗಿ! ನಾವು ಪೆಟ್ಟು ತಿಂದದ್ದು ಇಲ್ಲೇ. ದೀಪಾವಳಿ ಟೂರ್ ಅಂತ ಒಂದು ಕಂಪನಿ ಹೊರಡಿಸಿತು. ಹೋಯ್ ಆನ್‌ನ ಹಳೇ ಪೇಟೆಗೆ ಹೊಳೆ ನುಗ್ಗಿತ್ತು. ನಾವು ಹೋಟೆಲಿನ ಕಿಟಕಿಯಲ್ಲಿ ಕೂತು ಮಳೆ ನೋಡಿ ಬಂದೆವು. ಅದನ್ನು ಸಕಲೇಶಪುರದಲ್ಲೇ ನೋಡಬಹುದಿತ್ತು, ಅಲ್ವಾ?

ದಕ್ಷಿಣ, ಅಂದರೆ ಹೋ ಚಿ ಮಿನ್ಹ್ ನಗರ, ಮೆಕಾಂಗ್ ನದಿಯ ಬಯಲು: ಡಿಸೆಂಬರಿನಿಂದ ಏಪ್ರಿಲ್ ತನಕ ಒಣ ಹವೆ. ಉಳಿದ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಒಂದು ಜಡಿಮಳೆ ಬಂದು ಹೋಗುತ್ತದೆ. ಅದರಿಂದ ಟೂರ್ ಕೆಡುವುದು ಕಡಿಮೆ.

ಮೂರೂ ಭಾಗ ನೋಡುವವರಿಗೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಒಳ್ಳೇದು. ಬೇಸಿಗೆ ರಜೆಯಲ್ಲೇ ಹೋಗಬೇಕಾದರೆ ಏಪ್ರಿಲ್ 30 ಮತ್ತು ಮೇ 1 ಬಿಟ್ಟು ಹಾಕಿ. ಎರಡೂ ಅಲ್ಲಿ ಸರಕಾರಿ ರಜೆ, ಬೀಚ್ ತುಂಬಾ ಅವರದೇ ಜನ. ದೀಪಾವಳಿ ಬಿಟ್ಟರೆ ಬೇರೆ ರಜೆಯೇ ಇಲ್ಲ ಅನ್ನುವವರು ದಾ ನಾಂಗ್ ಕೈಬಿಟ್ಟು ಹನೋಯ್, ನಿನ್ಹ್ ಬಿನ್ಹ್, ಹಾ ಲಾಂಗ್ ಮಾತ್ರ ಮಾಡಿ.

ಇನ್ನೊಂದು ತಾರೀಕು ಗೊತ್ತಿರಲಿ: ತೇಟ್, ಅಂದರೆ ಅವರ ಹೊಸ ವರ್ಷ. 2026ರಲ್ಲಿ ಫೆಬ್ರವರಿ 17, 2027ರಲ್ಲಿ ಫೆಬ್ರವರಿ 6. ಆ ವಾರ ಅಂಗಡಿ, ಹೋಟೆಲು ಅರ್ಧಕ್ಕರ್ಧ ಮುಚ್ಚಿರುತ್ತವೆ. ಎಲ್ಲರೂ ಊರಿಗೆ ಹೊರಟಿರುವುದರಿಂದ ಒಳನಾಡಿನ ವಿಮಾನದ ಟಿಕೆಟ್ ದುಬಾರಿ. ಆ ವಾರಕ್ಕೆ "ವಿಶೇಷ ರಿಯಾಯಿತಿ" ಬಂದರೆ ಯಾಕೆ ಅಂತ ಈಗ ಗೊತ್ತಾಯಿತು.

2. ಐಟಿನರಿಯನ್ನು ಗಂಟೆ ಲೆಕ್ಕದಲ್ಲಿ ಓದಿ

ಐಟಿನರಿ ಅಂದರೆ ಯಾವ ದಿನ ಎಲ್ಲಿ ಅಂತ ಕಂಪನಿ ಕೊಡುವ ಪಟ್ಟಿ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುವಷ್ಟು ಪುರುಸೊತ್ತು ಇದ್ದರೆ ಇದನ್ನು ಮಾಡಿ. ಒಂದು ಹಾಳೆ, ಪೆನ್ನು, ಫೋನಿನಲ್ಲಿ ಮ್ಯಾಪ್ ಇದ್ದರೆ ಸಾಕು. ಒಂದು ಸಂಜೆ ಸಾಲುತ್ತದೆ.

ಮೊದಲು ರಾತ್ರಿ ಎಣಿಸಿ. "6 ರಾತ್ರಿ 7 ದಿನ" ಅಂದರೆ ಹೋಟೆಲಿನಲ್ಲಿ ಆರು ರಾತ್ರಿಯೋ, ವಿಮಾನದಲ್ಲಿ ಕಳೆಯುವ ರಾತ್ರಿಯೂ ಸೇರಿ ಆರೋ? ಬೆಂಗಳೂರಿನಿಂದ ರಾತ್ರಿ ಹನ್ನೊಂದಕ್ಕೆ ಹೊರಡುವುದನ್ನೇ "ದಿನ 1" ಅಂತ ಬರೆದಿರುತ್ತಾರೆ. ಕೊನೆಯ ದಿನ "ತಿಂಡಿ ಮುಗಿಸಿ ವಿಮಾನ ನಿಲ್ದಾಣಕ್ಕೆ" ಅಂತ ಇರುತ್ತದೆ. ಎರಡನ್ನೂ ಕಳೆಯಿರಿ. ಉಳಿದದ್ದು ನಿಮ್ಮ ಟೂರ್.

ಆಮೇಲೆ ಪ್ರತಿ ದಿನಕ್ಕೂ ಬಸ್ಸಿನ ಗಂಟೆ ಬರೆಯಿರಿ. ಹನೋಯ್‌ನಿಂದ ಹಾ ಲಾಂಗ್‌ಗೆ ಹೆದ್ದಾರಿಯಲ್ಲಿ ಸುಮಾರು ಎರಡೂವರೆ ಗಂಟೆ. ಅದೇ ದಿನ ವಾಪಸ್ ಅಂದರೆ ಐದು ಗಂಟೆ ಬಸ್ಸಿನಲ್ಲೇ. ಒಂದು ರಾತ್ರಿ ದೋಣಿಯಲ್ಲಿ ತಂಗುವ ಪ್ಯಾಕೇಜ್ ಜಾಸ್ತಿ ದುಡ್ಡು, ಆದರೆ ನನ್ನ ಪ್ರಕಾರ ವಿಯೆಟ್ನಾಂನಲ್ಲಿ ಜಾಸ್ತಿ ಕೊಟ್ಟರೂ ಸರಿ ಅನಿಸುವ ಒಂದೇ ಜಾಗ ಅದು. ಹೋ ಚಿ ಮಿನ್ಹ್ ನಗರದಿಂದ ಯುದ್ಧಕಾಲದ ಕು ಚಿ ಸುರಂಗಕ್ಕೆ ಹೋಗಲು ಒಂದೂವರೆ ಎರಡು ಗಂಟೆ, ಬರಲು ಅಷ್ಟೇ. ಕು ಚಿ ಮತ್ತು ಮೆಕಾಂಗ್ ಎರಡನ್ನೂ ಒಂದೇ ದಿನಕ್ಕೆ ತುರುಕಿದ್ದರೆ ಅದು ಬಸ್ ಟೂರ್ ಅಂತಲೇ ತಿಳಿಯಿರಿ. ಕು ಚಿ ಇರುವುದು ನಗರದ ವಾಯುವ್ಯಕ್ಕೆ, ಮೆಕಾಂಗ್ ನೈಋತ್ಯಕ್ಕೆ.

ಮೂರನೆಯದು, ಕ್ರಿಯಾಪದ ನೋಡಿ. ಮೋಸ ಅಡಗಿರುವುದು ಅಲ್ಲೇ. "ಒಳಗೆ ಭೇಟಿ, ಟಿಕೆಟ್ ಸಹಿತ" ಅಂದರೆ ಒಳಗೆ ಹೋಗುತ್ತೀರಿ. "ಫೋಟೋ ಸ್ಟಾಪ್" ಅಂದರೆ ಹತ್ತು ನಿಮಿಷ ಇಳಿದು ಹತ್ತುತ್ತೀರಿ. "ಹಾದು ಹೋಗುವುದು", "ಪನೋರಮಿಕ್" ಅಂದರೆ ಕಿಟಕಿಯ ಕಡೆ ಕೂತವರಿಗೆ ಮಾತ್ರ ಕಾಣುತ್ತದೆ. ಮೂರಕ್ಕೂ ಬೇರೆ ಬೇರೆ ಬಣ್ಣದ ಗೆರೆ ಎಳೆಯಿರಿ. ಹಾಳೆ ನೋಡಿದಾಗ ಟೂರ್ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ನಾಲ್ಕನೆಯದು, ವಾರ ನೋಡಿ. ಹನೋಯ್‌ನ ಅವರ ರಾಷ್ಟ್ರನಾಯಕ ಹೋ ಚಿ ಮಿನ್ಹ್ ಸಮಾಧಿ ಭವನ ಸೋಮವಾರ, ಶುಕ್ರವಾರ ಮುಚ್ಚಿರುತ್ತದೆ. ತೆಗೆದಿರುವ ದಿನವೂ ಬೆಳಿಗ್ಗೆ ಮಾತ್ರ. ನಿಮ್ಮ ಗುಂಪು ಶುಕ್ರವಾರ ಮಧ್ಯಾಹ್ನ ಇಳಿದು ಶನಿವಾರ ಮುಂಜಾನೆ ಹಾ ಲಾಂಗ್‌ಗೆ ಹೊರಟರೆ ಒಳಗೆ ಹೋಗುವ ಮಾತೇ ಇಲ್ಲ. ಪಟ್ಟಿಯಲ್ಲಿ ಮಾತ್ರ ಅದರ ಹೆಸರು ಮೊದಲೇ ಇರುತ್ತದೆ.

ಐದನೆಯದು, ಹೊತ್ತು ನೋಡಿ. ಹೋಯ್ ಆನ್‌ಗೆ ಬೆಳಿಗ್ಗೆ ಹನ್ನೊಂದಕ್ಕೆ ಕರೆದುಕೊಂಡು ಹೋದರೆ ಬಿಸಿಲು, ಬೆವರು. ಅಲ್ಲಿ ಕಾಗದದ ದೀಪ ಹಚ್ಚುವುದು ಸಂಜೆ. ಕನಿಷ್ಠ ಸಂಜೆ ಐದರಿಂದ ಎಂಟರ ತನಕ ಬಿಡುತ್ತೀರಾ ಅಂತ ಕೇಳಿ.

ಬಾ ನಾ ಬೆಟ್ಟ, ಎರಡು ದೊಡ್ಡ ಕೈಗಳು ಎತ್ತಿ ಹಿಡಿದಂತಿರುವ ಚಿನ್ನದ ಸೇತುವೆ ಇರುವ ಜಾಗ, ಎಲ್ಲ ಟೂರಿನಲ್ಲೂ ಇರುತ್ತದೆ. ಸೇತುವೆ ತೆರೆದದ್ದು 2018ರಲ್ಲಿ. ಕೇಬಲ್ ಕಾರಿನ ಒಂದು ಮಾರ್ಗ 5,801 ಮೀಟರ್ ಉದ್ದ. ಹತ್ತೂವರೆಯ ಮೇಲೆ ಹೋದರೆ ಸೇತುವೆಯಲ್ಲಿ ನಿಲ್ಲಲೂ ಜಾಗ ಇಲ್ಲ. ಬೆಳಿಗ್ಗೆ ಎಂಟರೊಳಗೆ ದಾ ನಾಂಗ್ ಬಿಡುವ ಹಾಗಿದ್ದರೆ ಒಳ್ಳೇದು.

ಇನ್ನೊಂದು ಮಾತು ನನ್ನ ಸ್ವಂತದ್ದು. ಮಿ ಸನ್ ಅನ್ನುವ ಜಾಗ ಹೆಚ್ಚಿನ ಟೂರಿನಲ್ಲಿ ಇರುವುದಿಲ್ಲ. ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್. ಆ ಭಾಗವನ್ನು ಹಿಂದೆ ಆಳಿದ ಚಂಪಾ ರಾಜರು ಭದ್ರೇಶ್ವರ ಅನ್ನುವ ಹೆಸರಿನ ಶಿವನಿಗೆ ಕಟ್ಟಿಸಿದ ಇಟ್ಟಿಗೆ ಗುಡಿಗಳು, ಸಂಸ್ಕೃತ ಶಾಸನಗಳು. ಅಲ್ಲಿನ ಕೆಲವು ಗುಡಿಗಳನ್ನು ಸರಿಪಡಿಸಿದ್ದು ನಮ್ಮ ಭಾರತೀಯ ಪುರಾತತ್ತ್ವ ಇಲಾಖೆಯೇ. ಇಪ್ಪತ್ತು ಜನ ಒಟ್ಟಿಗೆ ಕೇಳಿದರೆ ಒಂದು ಅಂಗಡಿ ಭೇಟಿ ಕಿತ್ತು ಹಾಕಿ ಇದನ್ನು ಸೇರಿಸುತ್ತಾರೆ. ನಮ್ಮ ಎರಡನೇ ಟೂರಿನಲ್ಲಿ ಹಾಗೇ ಮಾಡಿಸಿದೆವು.

3. ಬೆಲೆಯನ್ನು ಬಿಡಿಸಿ, ಮತ್ತೆ ಕೂಡಿಸಿ

ಜಾಹೀರಾತಿನ ಬೆಲೆಯ ಪಕ್ಕದಲ್ಲಿ ಒಂದು ಚಿಕ್ಕ ನಕ್ಷತ್ರ ಇರುತ್ತದೆ. ಆ ನಕ್ಷತ್ರದ ಅಡಿಯಲ್ಲಿ ಇರುವುದನ್ನೆಲ್ಲ ಕೂಡಿಸಿದ ಮೇಲೆಯೇ ಎರಡು ಕಂಪನಿಗಳನ್ನು ಹೋಲಿಸಿ.

ಕೂಡಿಸಬೇಕಾದದ್ದು: ಬೆಂಗಳೂರಿನಿಂದ ವಿಮಾನ ಟಿಕೆಟ್ (ಕೆಲವರು ಅಲ್ಲಿ ಇಳಿದ ಮೇಲಿನ ಖರ್ಚು ಮಾತ್ರ ಹೇಳುತ್ತಾರೆ), ವಿಯೆಟ್ನಾಂ ಒಳಗಿನ ವಿಮಾನ, ವೀಸಾ, ವಿಮೆ, ಜಿಎಸ್‌ಟಿ, ಟಿಸಿಎಸ್, ಟಿಪ್ಸ್, ಪಟ್ಟಿಯಲ್ಲಿ "ಐಚ್ಛಿಕ" ಅಂತ ಬರೆದಿರುವ ಟಿಕೆಟ್‌ಗಳು. ಈ ಕೊನೆಯದನ್ನು ಜೋಪಾನವಾಗಿ ನೋಡಿ. ಬಾ ನಾ ಬೆಟ್ಟದ ಕೇಬಲ್ ಕಾರನ್ನೇ ಐಚ್ಛಿಕ ಮಾಡಿದ ಪ್ಯಾಕೇಜ್ ನಾನು ನೋಡಿದ್ದೇನೆ. ಅಲ್ಲಿ ತನಕ ಹೋಗಿ ಕೆಳಗೆ ಕೂರುವವರು ಯಾರು?

ಟಿಪ್ಸ್ ಸಾಮಾನ್ಯವಾಗಿ ಒಬ್ಬರಿಗೆ ದಿನಕ್ಕೆ ಮೂರರಿಂದ ಐದು ಡಾಲರ್ ಅಂತ ಮೊದಲ ದಿನವೇ ಬಸ್ಸಿನಲ್ಲಿ ವಸೂಲಿ ಮಾಡುತ್ತಾರೆ. ನಾಲ್ಕು ಜನರ ಸಂಸಾರಕ್ಕೆ ಅದು ಸಣ್ಣ ಮೊತ್ತವಲ್ಲ.

ಟಿಸಿಎಸ್ ಬಗ್ಗೆ ಗಾಬರಿ ಬೇಡ. ವಿದೇಶಿ ಪ್ಯಾಕೇಜ್ ಮಾರುವವರು ಸರಕಾರದ ಪರವಾಗಿ ಹಿಡಿದುಕೊಳ್ಳುವ ತೆರಿಗೆ ಅದು. ನಿಮ್ಮ ಪಾನ್ ನಂಬರಿಗೆ ಜಮೆ ಆಗುತ್ತದೆ, ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಬುಕ್ ಮಾಡುವ ದಿನದ ದರ ಕೇಳಿ. ಇಡೀ ಮನೆಯ ದುಡ್ಡನ್ನು ರಿಟರ್ನ್ಸ್ ಹಾಕದ ಅಜ್ಜಿಯ ಪಾನ್ ಮೇಲೆ ಕಟ್ಟಬೇಡಿ. ವಾಪಸ್ ಬರಬೇಕಾದ ಹಣ ಸುಮ್ನೆ ಅಲ್ಲೇ ಕೂತಿರುತ್ತದೆ.

ಕೋಣೆಯ ಲೆಕ್ಕವನ್ನೂ ಕೇಳಿ. ಮೂವರಿಗೆ ಒಂದು ಕೋಣೆ ಅಂದರೆ ಮೂರನೆಯ ಹಾಸಿಗೆ ಹೆಚ್ಚಿನ ಕಡೆ ಮಡಚುವ ಮಂಚ. ಬೆನ್ನು ನೋವಿನವರಿಗೆ ಆಗದು. ಒಬ್ಬರೇ ಹೋಗುವವರಿಗೆ ಪ್ರತ್ಯೇಕ ಕೋಣೆಗೆ ಎಷ್ಟು ಜಾಸ್ತಿ, ಜೊತೆಗಾರರನ್ನು ಅವರೇ ಹೊಂದಿಸುತ್ತಾರಾ ಅನ್ನುವುದು ಮೊದಲೇ ತಿಳಿದಿರಲಿ.

4. ಅಡ್ವಾನ್ಸ್ ಕೊಡುವ ಮುಂಚೆ ಬರೆಸಿಕೊಳ್ಳಿ

ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಈ ಆರು ಪ್ರಶ್ನೆಗಳನ್ನು ಇಮೇಲ್ ಮಾಡಿ, ಉತ್ತರ ಬಂದ ಮೇಲೆ ದುಡ್ಡು ಹಾಕಿ.

1. ಕನಿಷ್ಠ ಎಷ್ಟು ಜನ ಆದರೆ ಟೂರ್ ಹೊರಡುತ್ತದೆ? ಆಗದಿದ್ದರೆ ಎಷ್ಟು ದಿನ ಮುಂಚೆ ತಿಳಿಸುತ್ತೀರಿ?
2. ಬೆಂಗಳೂರಿನಿಂದ ಟೂರ್ ಮ್ಯಾನೇಜರ್ ಜೊತೆಗೆ ಬರುತ್ತಾರಾ, ಅಲ್ಲಿನ ಗೈಡ್ ಮಾತ್ರವಾ?
3. ಬಸ್ಸು ನಮ್ಮ ಗುಂಪಿಗೇ ಮೀಸಲಾ, ಬೇರೆ ಗುಂಪಿನ ಜೊತೆ ಹಂಚಿಕೆಯಾ?
4. ಹೋಟೆಲುಗಳ ಹೆಸರು ಏನು? "ಅಥವಾ ಅದೇ ದರ್ಜೆಯದು" ಅಂದರೆ ಇನ್ನೆರಡು ಹೆಸರು ಕೊಡಿ.
5. ಹಾ ಲಾಂಗ್ ದೋಣಿ ಹವೆಯಿಂದಾಗಿ ರದ್ದಾದರೆ ಬದಲಿ ಏನು, ಎಷ್ಟು ಹಣ ವಾಪಸ್?
6. ನಾವು ರದ್ದು ಮಾಡಿದರೆ ಯಾವ ದಿನದ ತನಕ ಎಷ್ಟು ಕಡಿತ?

ಅಪಾಯದ ಗುರುತುಗಳು: ದುಡ್ಡನ್ನು ಕಂಪನಿ ಖಾತೆಗೆ ಬದಲು ಯಾರದೋ ಸ್ವಂತ ಯುಪಿಐಗೆ ಹಾಕಿ ಅನ್ನುವುದು. ಜಿಎಸ್‌ಟಿ ಬಿಲ್ ಕೇಳಿದರೆ ಮಾತು ಮರೆಸುವುದು. "ಇವತ್ತು ರಾತ್ರಿಯೊಳಗೆ ಕಟ್ಟಿದರೆ ಮಾತ್ರ ಈ ದರ" ಅನ್ನುವುದು. ಪೂರ್ತಿ ಹಣ ಕಟ್ಟಿದ ಮೇಲೂ ಟಿಕೆಟ್ಟಿನ ಪಿಎನ್‌ಆರ್ ಕೊಡದೆ ಎಳೆದಾಡುವುದು. ಪಿಎನ್‌ಆರ್ ಕೈಗೆ ಬಂದ ಕೂಡಲೇ ವಿಮಾನ ಕಂಪನಿಯ ತಾಣದಲ್ಲಿ ಹಾಕಿ ನೋಡಿ. ನಿಮ್ಮ ಹೆಸರು ಬರಬೇಕು, ಟಿಕೆಟ್ ನಂಬರ್ ಇರಬೇಕು. ಬರೀ ಬುಕಿಂಗ್ ಹಿಡಿದಿಟ್ಟಿದ್ದರೆ ಅದು ಟಿಕೆಟ್ ಅಲ್ಲ.

5. ಪಾಸ್‌ಪೋರ್ಟ್, ಆಮೇಲೆ ಇ-ವೀಸಾ

ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಿಗಿಂತ ಜಾಸ್ತಿ ಆಯಸ್ಸು ಇರಬೇಕು. ಇಲ್ಲದಿದ್ದರೆ ಮೊದಲು ನವೀಕರಿಸಿ, ಆಮೇಲೆ ಟಿಕೆಟ್. ಹಳೇ ನಂಬರಿನಲ್ಲಿ ವೀಸಾ ಮಾಡಿಸಿ ಹೊಸ ಪಾಸ್‌ಪೋರ್ಟ್ ಹಿಡಿದು ಹೋದರೆ ಆ ವೀಸಾ ನಡೆಯುವುದಿಲ್ಲ.

ಭಾರತೀಯರಿಗೆ ವಿಯೆಟ್ನಾಂ ಇ-ವೀಸಾ ಸಿಗುತ್ತದೆ. ಗರಿಷ್ಠ 90 ದಿನ. ಒಂದೇ ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50 ಡಾಲರ್. ಅರ್ಜಿ ತಿರಸ್ಕಾರವಾದರೂ ಈ ಹಣ ವಾಪಸ್ ಬರುವುದಿಲ್ಲ. ಮೂರು ಕೆಲಸದ ದಿನ ಅನ್ನುತ್ತಾರೆ, ಆದರೆ ಅಲ್ಲಿನ ರಜೆ ಮಧ್ಯೆ ಬಂದರೆ ಎಳೆಯುತ್ತದೆ. ಹೊರಡುವ ಮೂರು ವಾರ ಮುಂಚೆ ಹಾಕಿ. ಕಂಪನಿಯೇ ಮಾಡಿಸಿದರೂ ಕಳಿಸುವ ಮುಂಚೆ ಅರ್ಜಿಯ ಪ್ರತಿ ನಿಮಗೆ ತೋರಿಸಬೇಕು ಅಂತ ಹೇಳಿ.

ನೀವೇ ಮಾಡುವುದಾದರೆ ಸರಕಾರಿ ತಾಣವನ್ನೇ ಹಿಡಿಯಿರಿ. ಅದರ ವಿಳಾಸ "ಜಿಒವಿ ಡಾಟ್ ವಿಎನ್" ಅಂತ ಮುಗಿಯುತ್ತದೆ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ತಾಣಗಳು ನೋಡಲು ಅದೇ ಥರ ಇರುತ್ತವೆ, ದುಡ್ಡು ಮಾತ್ರ ಎರಡು ಮೂರು ಪಟ್ಟು.

ಈಗ ತಪ್ಪುಗಳ ವಿಚಾರ. ವಿಮಾನ ನಿಲ್ದಾಣದಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಇವುಗಳಿಂದಲೇ.

*ಹೆಸರು.* ನಮ್ಮ ಕಡೆಯವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವುದು ಮಾಮೂಲು. ಇನ್ನು ಕೆಲವರದು ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಸೇರಿ ಉದ್ದ. ಆಧಾರ್‌ನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಒಂದು ಥರ. ಆಧಾರ್ ಮರೆತುಬಿಡಿ. ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿ ಬಾಣದ ಗುರುತುಗಳಿರುವ ಎರಡು ಸಾಲು ಇದೆಯಲ್ಲ, ಅದರಲ್ಲಿ ಹೆಸರು ಯಾವ ಕ್ರಮದಲ್ಲಿ ಇದೆಯೋ ಅದೇ ವೀಸಾದಲ್ಲೂ ಬರಬೇಕು. ವಿಮಾನ ಟಿಕೆಟ್ಟಿನಲ್ಲೂ ಅದೇ ಪದಗಳು ಇರಬೇಕು. ಒಂದಕ್ಷರ ಬಿಟ್ಟರೂ ಹೊಸ ಅರ್ಜಿ, ಹೊಸ ಶುಲ್ಕ.

*ಹುಟ್ಟಿದ ದಿನ.* ದಿನ ಮೊದಲು, ತಿಂಗಳು ಆಮೇಲೆ. 05/08 ಅನ್ನು 08/05 ಮಾಡಿದವರು ಒಬ್ಬಿಬ್ಬರಲ್ಲ.

*ಆರಂಭದ ದಿನ.* ವೀಸಾದಲ್ಲಿ ಬರೆದ ದಿನಕ್ಕಿಂತ ಮುಂಚೆ ಒಳಗೆ ಬಿಡುವುದಿಲ್ಲ. ಬೆಂಗಳೂರು ಬಿಡುವ ದಿನವನ್ನೇ ಆರಂಭ ಅಂತ ಕೊಟ್ಟು, ಕೊನೆಯ ಕಡೆಗೆ ಒಂದೆರಡು ವಾರ ಜಾಸ್ತಿ ಇಟ್ಟುಕೊಳ್ಳಿ. ವಿಮಾನ ತಡವಾದರೂ ತಲೆನೋವಿಲ್ಲ.

*ಪ್ರವೇಶದ ಜಾಗ.* ಅರ್ಜಿಯಲ್ಲಿ ಯಾವ ವಿಮಾನ ನಿಲ್ದಾಣ ಅಂತ ಕೇಳುತ್ತಾರೆ. ಹನೋಯ್‌ನದು ನೋಯ್ ಬಾಯ್, ಹೋ ಚಿ ಮಿನ್ಹ್ ನಗರದ್ದು ತಾನ್ ಸನ್ ನ್ಯಾತ್. ಟೂರ್ ಯಾವ ಕಡೆಯಿಂದ ಶುರು ಅಂತ ನೋಡಿ ತುಂಬಿ.

*ಎಷ್ಟು ಪ್ರವೇಶ.* ಅಂಕೋರ್ ವಾಟ್ ಸೇರಿಸಿದ ವಿಯೆಟ್ನಾಂ-ಕಾಂಬೋಡಿಯಾ ಟೂರಿನಲ್ಲಿ ಇದೇ ದೊಡ್ಡ ಗುಂಡಿ. ವಿಯೆಟ್ನಾಂನಿಂದ ಕಾಂಬೋಡಿಯಾಗೆ ಹೋಗಿ, ಮತ್ತೆ ಹೋ ಚಿ ಮಿನ್ಹ್ ನಗರಕ್ಕೆ ಬಂದು ವಿಮಾನ ಹಿಡಿಯುವ ಹಾಗಿದ್ದರೆ 25 ಡಾಲರಿನ ವೀಸಾ ಸಾಲದು.

ಫು ಕ್ವಾಕ್ ದ್ವೀಪಕ್ಕೆ ವೀಸಾ ಬೇಡವಂತೆ ಅಂತ ಯಾರಾದರೂ ಹೇಳಿದರೆ, ಅದು ನೇರ ಆ ದ್ವೀಪಕ್ಕೆ ಹೋಗಿ 30 ದಿನದೊಳಗೆ ಅಲ್ಲಿಂದಲೇ ಬರುವವರಿಗೆ. ಹನೋಯ್ ನೋಡುವವರಿಗೆ ಅದು ಅನ್ವಯಿಸದು.

ವೀಸಾ ಬಂದ ಮೇಲೆ ಎರಡು ಪ್ರತಿ ಕಾಗದದಲ್ಲಿ ತೆಗೆಸಿ. ಒಂದು ನಿಮ್ಮ ಹತ್ತಿರ, ಒಂದು ಇನ್ನೊಬ್ಬರ ಬ್ಯಾಗಿನಲ್ಲಿ.

6. ದುಡ್ಡು ಮತ್ತು ಫೋನು

ಅಲ್ಲಿನ ನಾಣ್ಯ ಡಾಂಗ್. ಸೊನ್ನೆ ನೋಡಿ ತಲೆ ತಿರುಗುತ್ತದೆ. ಅಂದಾಜು ಲೆಕ್ಕ ಹೀಗೆ: ಕೊನೆಯ ಮೂರು ಸೊನ್ನೆ ಅಳಿಸಿ, ಉಳಿದದ್ದನ್ನು ಮೂರೂವರೆಯಿಂದ ಗುಣಿಸಿ. 1,00,000 ಡಾಂಗ್ ಅಂದರೆ ಸುಮಾರು 350 ರೂಪಾಯಿ.

ಈಗ ಬಹಳ ಮುಖ್ಯದ ಮಾತು. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಒಂದು 70 ರೂಪಾಯಿ, ಇನ್ನೊಂದು 1,750. ಕತ್ತಲಲ್ಲಿ, ಅವಸರದಲ್ಲಿ, ಕನ್ನಡಕ ಇಲ್ಲದೆ ಎಳನೀರಿಗೆ ದೊಡ್ಡ ನೋಟು ಕೊಟ್ಟು ಬರುವುದು ಪ್ರತಿ ಗುಂಪಿನಲ್ಲೂ ಒಬ್ಬರಿಗಾದರೂ ಆಗುತ್ತದೆ. 5,00,000ದ ನೋಟುಗಳನ್ನು ಬೇರೆ ಜೇಬಿನಲ್ಲಿ ಇಡಿ. ಅಷ್ಟೇ ಪರಿಹಾರ.

ಬೆಂಗಳೂರಿನಿಂದ ಡಾಲರ್ ಒಯ್ದು ಅಲ್ಲಿ ಬದಲಾಯಿಸಿ. ನೋಟು ಹೊಸದಾಗಿರಲಿ. ಮಡಚಿದ, ಗೀಚಿದ ನೋಟು ಅಲ್ಲಿ ತೆಗೆದುಕೊಳ್ಳುವುದಿಲ್ಲ. 50, 100ರ ನೋಟಿಗೆ ಚಿಲ್ಲರೆ ಡಾಲರಿಗಿಂತ ಒಳ್ಳೇ ದರ ಸಿಗುತ್ತದೆ.

ಫೋನಿಗೆ ವಿಮಾನ ನಿಲ್ದಾಣದಲ್ಲೇ ಸಿಮ್ ಸಿಗುತ್ತದೆ. ಬ್ಯಾಂಕ್ ಒಟಿಪಿ ಬರಬೇಕಾದ್ದರಿಂದ ಮನೆಯಲ್ಲಿ ಒಬ್ಬರದಾದರೂ ಭಾರತದ ನಂಬರ್ ರೋಮಿಂಗ್‌ನಲ್ಲಿ ಇರಲಿ. ಗ್ರ್ಯಾಬ್ ಆ್ಯಪ್ ಹಾಕಿಕೊಂಡು ಇಲ್ಲಿಂದಲೇ ನೋಂದಾಯಿಸಿ ಹೋಗಿ. ಸಂಜೆ ಗುಂಪು ಬಿಟ್ಟು ಸುತ್ತುವಾಗ ಚೌಕಾಸಿ ಇಲ್ಲದೆ ಕಾರು ಸಿಗುತ್ತದೆ.

7. ಊಟ: ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ

"ಭಾರತೀಯ ಊಟ ಸಿಗುತ್ತದೆ" ಅಂತ ಎಲ್ಲ ಕಂಪನಿಯೂ ಹೇಳುತ್ತದೆ. ಸುಳ್ಳಲ್ಲ. ಆದರೆ ಅದು ಉತ್ತರ ಭಾರತದ ಊಟ. ದಾಲ್, ಜೀರಾ ರೈಸ್, ಪನೀರ್, ನಾನ್. ಮೊದಲ ದಿನ ಖುಷಿ, ಮೂರನೇ ದಿನ ಸಾರನ್ನ ನೆನಪಾಗಿ ಕಣ್ಣಲ್ಲಿ ನೀರು. ಚಟ್ನಿಪುಡಿ, ಉಪ್ಪಿನಕಾಯಿ, ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣ ಚೆಕ್-ಇನ್ ಬ್ಯಾಗಿನಲ್ಲಿ ಇಡಿ. ಕೋಣೆಯಲ್ಲಿ ಸಾಮಾನ್ಯವಾಗಿ ಕೆಟಲ್ ಇರುತ್ತದೆ. ಹಣ್ಣು, ತರಕಾರಿ, ಮಾಂಸ ಒಯ್ಯಬೇಡಿ.

ಹೊರಗೆ ತಿನ್ನುವಾಗ ದೊಡ್ಡ ತೊಡಕು ಮೀನಿನ ರಸ. ಅವರ ಭಾಷೆಯಲ್ಲಿ ನ್ಯೂಕ್ ಮಾಮ್. ನಮ್ಮಲ್ಲಿ ಉಪ್ಪು ಇದ್ದ ಹಾಗೆ, ತರಕಾರಿ ಪಲ್ಯಕ್ಕೂ ಹಾಕುತ್ತಾರೆ. "ಮಾಂಸ ಬೇಡ" ಅಂದರೆ ಮಾಂಸ ತೆಗೆದು ಮೂಳೆ ಬೇಯಿಸಿದ ಸಾರಿನಲ್ಲೇ ನೂಡಲ್ಸ್ ಕೊಡುತ್ತಾರೆ. ಅವರದ್ದು ತಪ್ಪಲ್ಲ, ಕೇಳಿದ್ದು ನಾವೇ ಹಾಗೆ. ಹೇಳಬೇಕಾದ ಮಾತು "ಆನ್ ಚಾಯ್". ಬೌದ್ಧರ ಶುದ್ಧ ಸಸ್ಯಾಹಾರಕ್ಕೆ ಆ ಹೆಸರು (ಚಾಯ್ ಅಂದಾಕ್ಷಣ ಟೀ ಬರುತ್ತೆ ಅಂದುಕೊಳ್ಳಬೇಡಿ). ಬೋರ್ಡಿನಲ್ಲಿ ಆ ಪದ ಇರುವ ಹೋಟೆಲು ಪ್ರತಿ ಪಟ್ಟಣದಲ್ಲೂ ಇದೆ. ತೋಫು, ಅಣಬೆ, ಕಡಲೆಬೀಜ ಹಾಕಿ ಚೆನ್ನಾಗಿ ಮಾಡುತ್ತಾರೆ, ಅಗ್ಗವೂ ಹೌದು. ಚಾಂದ್ರಮಾನದ ಮೊದಲ ದಿನ, ಹದಿನೈದನೇ ದಿನ ಅಲ್ಲಿ ತುಂಬಾ ಜನ ಸಸ್ಯಾಹಾರ ಮಾಡುವುದರಿಂದ ಆ ದಿನಗಳಲ್ಲಿ ಇನ್ನೂ ಸುಲಭ.

"ಮಾಂಸ, ಮೀನು, ಮೊಟ್ಟೆ, ಮೀನಿನ ರಸ ಬೇಡ" ಅನ್ನುವುದನ್ನು ವಿಯೆಟ್ನಾಂ ಭಾಷೆಯಲ್ಲಿ ಬರೆಸಿ ಫೋನಿನಲ್ಲಿ ಚಿತ್ರವಾಗಿ ಇಟ್ಟುಕೊಳ್ಳಿ. ಗೈಡ್ ಕೈಯಲ್ಲಿ ಒಂದು ಸಲ ಓದಿಸಿ ಸರಿ ಇದೆಯಾ ನೋಡಿ. ಹಾ ಲಾಂಗ್ ದೋಣಿಯ ಊಟಕ್ಕೆ ಮಾತ್ರ ಹಿಂದಿನ ದಿನವೇ ಎಷ್ಟು ಜನ ಸಸ್ಯಾಹಾರಿ ಅಂತ ಲೆಕ್ಕ ಕೊಡಬೇಕು. ನೀರಿನ ಮಧ್ಯೆ ಹೋದ ಮೇಲೆ ಕೇಳಿದರೆ ಅನ್ನ, ಸೌತೆಕಾಯಿ ಬಿಟ್ಟು ಬೇರೇನೂ ಹುಟ್ಟುವುದಿಲ್ಲ.

ನಲ್ಲಿ ನೀರು ಕುಡಿಯಬೇಡಿ.

8. ಬ್ಯಾಗು

ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನ ವಿಮಾನದಲ್ಲಿ ಬಿಡುವ ತೂಕ ಒಂದು, ಅಲ್ಲಿನ ಒಳನಾಡಿನ ವಿಮಾನದ್ದು ಇನ್ನೊಂದು. ಕಡಿಮೆ ಇರುವುದೇ ನಿಮ್ಮ ಮಿತಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ನಮ್ಮ ಎರಡು ಪಿನ್ನಿನ ಚಾರ್ಜರ್ ಹೆಚ್ಚಿನ ಕಡೆ ಹೊಂದುತ್ತದೆ, ಮೂರು ಪಿನ್ನಿನದು ಹೊಂದದು. ಮೊಣಕಾಲು, ಭುಜ ಮುಚ್ಚುವ ಒಂದು ಜೊತೆ ಬಟ್ಟೆ ಸಮಾಧಿ ಭವನಕ್ಕೂ ಗುಡಿಗಳಿಗೂ ಬೇಕು. ಬಾ ನಾ ಬೆಟ್ಟ ಸುಮಾರು 1,500 ಮೀಟರ್ ಎತ್ತರ, ಕೆಳಗೆ ಬಿಸಿಲಿದ್ದರೂ ಮೇಲೆ ಮಂಜು, ಒಂದು ಸ್ವೆಟರ್ ಇರಲಿ. ದಿನದ ಮಾತ್ರೆಗಳು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲಿ.

ವಿಮೆ ಕೊಳ್ಳುವಾಗ ಬಿಪಿ, ಶುಗರ್ ಮುಚ್ಚಿಡಬೇಡಿ. ಮುಚ್ಚಿಟ್ಟ ಕಾಯಿಲೆಗೆ ಹಣ ಕೊಡುವುದಿಲ್ಲ.

9. ಅಲ್ಲಿ ಹೋದ ಮೇಲೆ

*ಮೊದಲ ಸಂಜೆ.* ಹೋಟೆಲಿನ ಕಾರ್ಡನ್ನು ಎಲ್ಲರೂ ಜೇಬಿನಲ್ಲಿ ಇಟ್ಟುಕೊಳ್ಳಿ, ವಯಸ್ಸಾದವರು ಮುಖ್ಯವಾಗಿ. ದಾರಿ ತಪ್ಪಿದರೆ ಕಾರ್ಡ್ ತೋರಿಸಿದರೆ ಸಾಕು. ಗಡಿಯಾರವನ್ನು ಒಂದೂವರೆ ಗಂಟೆ ಮುಂದಿಡಿ. ಬೆಳಿಗ್ಗೆ ಏಳಕ್ಕೆ ಬಸ್ಸು ಅಂದರೆ ನಮ್ಮ ದೇಹಕ್ಕೆ ಅದು ಐದೂವರೆ.

*ರಸ್ತೆ ದಾಟುವುದು.* ಸ್ಕೂಟರುಗಳ ಹೊಳೆ ಹರಿಯುತ್ತಿರುತ್ತದೆ. ಖಾಲಿಯಾಗಲಿ ಅಂತ ಕಾದರೆ ರಾತ್ರಿಯಾಗುತ್ತದೆ. ನಿಧಾನಕ್ಕೆ, ಒಂದೇ ವೇಗದಲ್ಲಿ ನಡೆಯಿರಿ. ಅವರು ನಿಮ್ಮನ್ನು ಬಳಸಿಕೊಂಡು ಹೋಗುತ್ತಾರೆ. ಮಧ್ಯದಲ್ಲಿ ನಿಲ್ಲುವುದು, ಓಡುವುದು, ಹಿಂದಕ್ಕೆ ಬರುವುದು ಅಪಾಯ. ಬಸ್ಸು, ಕಾರಿನ ವಿಚಾರದಲ್ಲಿ ಈ ನಂಬಿಕೆ ಬೇಡ, ಅವು ಬಳಸುವುದಿಲ್ಲ. ಹೋ ಚಿ ಮಿನ್ಹ್ ನಗರದಲ್ಲಿ ರಸ್ತೆ ಪಕ್ಕ ಫೋನ್ ಹಿಡಿದು ನಿಲ್ಲಬೇಡಿ. ಸ್ಕೂಟರಿನವರು ಕಿತ್ತುಕೊಂಡು ಹೋಗುತ್ತಾರೆ.

*ದೋಣಿ.* ಹಾ ಲಾಂಗ್‌ನಲ್ಲಿ ಹವೆ ಕೆಟ್ಟರೆ ಬಂದರಿನ ಅಧಿಕಾರಿಗಳೇ ದೋಣಿ ನಿಲ್ಲಿಸುತ್ತಾರೆ. ಆಗ ಗೈಡ್ ಜೊತೆ ಜಗಳ ಬೇಡ. 2025ರ ಜುಲೈನಲ್ಲಿ ದಿಢೀರ್ ಬಿರುಗಾಳಿಗೆ ಅಲ್ಲಿ ಪ್ರವಾಸಿ ದೋಣಿಯೊಂದು ಮಗುಚಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿದೆ ಅಂತ ನೋಡಿ. ಹೋಯ್ ಆನ್ ಪಕ್ಕದ ತೆಂಗಿನ ಹಿನ್ನೀರಿನಲ್ಲಿ ಹಂಪಿಯ ಹರಿಗೋಲಿನಂಥದ್ದೇ ಬುಟ್ಟಿದೋಣಿ ಇದೆ. ಅದನ್ನು ಗಿರಗಿರ ತಿರುಗಿಸಿ ಮಜಾ ತೋರಿಸುತ್ತಾರೆ. ತಲೆಸುತ್ತು ಇರುವವರು ಮೊದಲೇ ಬೇಡ ಅನ್ನಿ.

*ಕು ಚಿ ಸುರಂಗ.* ಕುಕ್ಕರಗಾಲಲ್ಲಿ ತೆವಳಬೇಕು. ಮಂಡಿ ನೋವು, ಉಬ್ಬಸ, ಇಕ್ಕಟ್ಟಿನ ಭಯ ಇರುವವರು ಮೇಲೆಯೇ ಕೂರಿ. ಒಳಗೆ ಹೋದ ಮೇಲೆ ಹಿಂದೆ ಹತ್ತು ಜನ ಇರುತ್ತಾರೆ, ತಿರುಗಲು ಆಗುವುದಿಲ್ಲ.

*ಅಂಗಡಿ.* ರೇಷ್ಮೆ, ಮುತ್ತು, ಅಮೃತಶಿಲೆ, ಕಾಫಿ. ದಿನಕ್ಕೊಂದು ಕಡೆ ಬಸ್ಸು ನಿಲ್ಲುತ್ತದೆ. ಗೈಡ್‌ಗೆ ಅಲ್ಲಿ ಕಮಿಷನ್ ಇರುತ್ತದೆ ಅಂದುಕೊಂಡೇ ಒಳಗೆ ಹೋಗಿ. ಕೊಳ್ಳದಿದ್ದರೆ ಯಾರೂ ಏನೂ ಮಾಡುವುದಿಲ್ಲ. ಕಲ್ಲಿನ ವಿಗ್ರಹ ಹಡಗಿನಲ್ಲಿ ಕಳಿಸುತ್ತೇವೆ ಅಂದರೆ ಕೈಮುಗಿದು ಹೊರಗೆ ಬನ್ನಿ.

*ಬಾಡಿಗೆ ಸ್ಕೂಟರ್.* ಬೇಡ. ಅಲ್ಲಿ ನಡೆಯುವ ಲೈಸೆನ್ಸ್ ಇಲ್ಲದೆ ಬಿದ್ದರೆ ವಿಮೆ ಕೈ ಎತ್ತುತ್ತದೆ.

*ಗುಂಪಿನೊಳಗೆ.* ಜಗಳ ಶುರುವಾಗುವುದು ಎರಡೇ ಕಾರಣಕ್ಕೆ: ಬಸ್ಸಿನ ಮುಂದಿನ ಸೀಟು, ತಡವಾಗಿ ಬರುವ ಒಂದು ಸಂಸಾರ. ಮೊದಲ ದಿನವೇ ಸೀಟು ದಿನಕ್ಕೊಂದು ಸಾಲು ಹಿಂದಕ್ಕೆ ಸರಿಯುವ ಹಾಗೆ ಮಾಡಿ. ತಡ ಮಾಡಿದವರು ಎಲ್ಲರಿಗೂ ಎಳನೀರು ಕೊಡಿಸಬೇಕು ಅಂತ ನಾವು ನಿಯಮ ಹಾಕಿದ್ದೆವು. ಎರಡನೇ ದಿನದಿಂದ ಎಳನೀರು ಸಿಗಲೇ ಇಲ್ಲ.

10. ಏನಾದರೂ ಕೈಕೊಟ್ಟರೆ

ಪೊಲೀಸ್ 113, ಆಂಬುಲೆನ್ಸ್ 115. ಭಾಷೆಯ ತೊಂದರೆ ಇರುವುದರಿಂದ ಹೋಟೆಲಿನವರ ಕೈಯಲ್ಲೇ ಮಾಡಿಸಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರಿನ ಪ್ರತಿ, ಆಮೇಲೆ ಹನೋಯ್‌ನ ಭಾರತದ ರಾಯಭಾರ ಕಚೇರಿ ಅಥವಾ ಹೋ ಚಿ ಮಿನ್ಹ್ ನಗರದ ಕಾನ್ಸುಲೇಟ್. ಆಸ್ಪತ್ರೆಗೆ ಸೇರಿಸುವ ಮುಂಚೆ ವಿಮೆಯ ಸಹಾಯವಾಣಿಗೆ ತಿಳಿಸಿ. ಆಮೇಲೆ ತಿಳಿಸಿದರೆ ತಕರಾರು ತೆಗೆಯುತ್ತಾರೆ.

ಐಟಿನರಿಯಲ್ಲಿ ಇದ್ದದ್ದನ್ನು ಬಿಟ್ಟರೆ ಅಲ್ಲಿಂದಲೇ, ಅದೇ ದಿನ ಕಂಪನಿಗೆ ಬರೆಯಿರಿ. ವಾಪಸ್ ಬಂದು ಹದಿನೈದು ದಿನದ ಮೇಲೆ ಕೇಳಿದ ನಮಗೆ ಮೊದಲ ಟೂರಿನಲ್ಲಿ ಸಿಕ್ಕಿದ್ದು ಕ್ಷಮಾಪಣೆ ಮತ್ತು ಮುಂದಿನ ಟೂರಿಗೆ ಒಂದು ಕೂಪನ್. ಅದನ್ನು ನಾವು ಬಳಸಲಿಲ್ಲ.

11. ವಾಪಸ್ ಬರುವಾಗ

ಉಳಿದ ಡಾಂಗ್ ಅನ್ನು ಅಲ್ಲಿನ ವಿಮಾನ ನಿಲ್ದಾಣದಲ್ಲೇ, ಇಮಿಗ್ರೇಷನ್ ದಾಟುವ ಮುಂಚೆಯೇ ಡಾಲರ್ ಮಾಡಿಸಿ. ಬೆಂಗಳೂರಿನಲ್ಲಿ ಅದನ್ನು ಕೊಳ್ಳುವವರು ಸಿಗುವುದು ಕಷ್ಟ. ನಮ್ಮ ಮನೆಯ ದೇವರ ಗೂಡಿನಲ್ಲಿ ಇನ್ನೂ ಮೂರು ಲಕ್ಷ ಡಾಂಗ್ ಕೂತಿದೆ. ಕಂಪನಿಯಿಂದ ಟಿಸಿಎಸ್ ಪ್ರಮಾಣಪತ್ರ ಕೇಳಿ ಪಡೆದು, ರಿಟರ್ನ್ಸ್ ಹಾಕುವವರಿಗೆ ಕೊಡಿ.